ಕೋರ್ಟಿನಲ್ಲಿ ಕೇಳಿದರೆ ವರ್ಕ್‌ಶಾಪಿನ ಗುಟ್ಟೆಲ್ಲ ಕೊಡಬೇಕೇ?

ಪ್ರಶ್ನೆ: ಮಾಚೇನಹಳ್ಳಿಯಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ ಸಾರ್. ಹಸಿ ಅಡಿಕೆ ಸುಲಿಯುವ ಯಂತ್ರ ಮಾಡುತ್ತೇವೆ. ಇನ್ನೊಬ್ಬ ತಯಾರಕರು ತಮ್ಮ ಪೇಟೆಂಟ್ ಉಲ್ಲಂಘನೆಯಾಗಿದೆ ಎಂದು ದಾವೆ ಹೂಡಿದ್ದಾರೆ. ನಮ್ಮ ಡ್ರಾಯಿಂಗ್, ಬ್ಲೇಡಿಗೆ ಹದ ಕೊಡುವ ಕ್ರಮ, ಡೀಲರುಗಳ ಪಟ್ಟಿ, ದರ ಎಲ್ಲವನ್ನೂ ಹಾಜರುಪಡಿಸಬೇಕು ಅಂತ ಅರ್ಜಿ ಬೇರೆ ಹಾಕಿದ್ದಾರೆ. ಕೊಟ್ಟರೆ ಕೇಸ್ ಗೆದ್ದರೂ ವ್ಯಾಪಾರ ಹೋಯಿತು. ಏನು ಮಾಡುವುದು?
– ಓದುಗರು, ಶಿವಮೊಗ್ಗ

ಉತ್ತರ: ಕೇಳಿದ್ದನ್ನೆಲ್ಲ ಕೊಡಬೇಕಾಗಿಲ್ಲ. ಆದರೆ ಸುಮ್ಮನೆ ಕೂರಬೇಡಿ. ಕಮರ್ಷಿಯಲ್ ಕೋರ್ಟಿನ ದಾವೆಯಾದರೆ ಸಮನ್ಸ್ ಕೈಸೇರಿದ 30 ದಿನಗಳೊಳಗೆ ತಕರಾರು, ಅಂದರೆ ದಾವೆಗೆ ನಿಮ್ಮ ಲಿಖಿತ ಉತ್ತರ, ಸಲ್ಲಿಸಬೇಕು. ಕೋರ್ಟ್ ಸಮಯ ಕೊಟ್ಟರೂ 120 ದಿನ ದಾಟುವಂತಿಲ್ಲ.

ಮೊದಲು ಅವರ ಪೇಟೆಂಟಿನ ಪೂರ್ತಿ ಪ್ರತಿ ತರಿಸಿ ಕೊನೆಯಲ್ಲಿರುವ ಕ್ಲೇಮುಗಳನ್ನು ಓದಿ. ಹಕ್ಕಿನ ಗಡಿ ಇರುವುದು ಅಲ್ಲೇ. ಬ್ಲೇಡುಗಳನ್ನು ಜೋಡಿಸುವ ಕೋನ, ಅಡಿಕೆ ಒಳಗೆ ಸಾಗುವ ರೀತಿ ಇಷ್ಟೇ ಕ್ಲೇಮಿನಲ್ಲಿದ್ದರೆ, ನೀವು ಉಕ್ಕನ್ನು ಎಷ್ಟು ಕಾಯಿಸಿ ಯಾವ ಎಣ್ಣೆಯಲ್ಲಿ ಅದ್ದುತ್ತೀರಿ ಎಂಬುದು ಈ ದಾವೆಗೆ ಬೇಡವೇ ಬೇಡ. ಸಂಬಂಧವಿಲ್ಲದ ದಾಖಲೆ ಎಂದೇ ಆಕ್ಷೇಪಿಸಿ. ನನ್ನ ಮಟ್ಟಿಗೆ ನಿಮ್ಮ ಅತಿ ಗಟ್ಟಿಯಾದ ರಕ್ಷಣೆ ಇದೇ. ಗೋಪ್ಯತೆಯ ಮಾತು ಆಮೇಲಿನದು. ಡೀಲರುಗಳ ಹೆಸರೂ ಹಾಗೆಯೇ: ನಷ್ಟದ ಲೆಕ್ಕ ಬಂದಾಗ ಎಷ್ಟು ಯಂತ್ರ, ಎಷ್ಟು ಮೊತ್ತ ಎಂಬುದು ಬೇಕಾದೀತು, ಹೆಸರುಗಳನ್ನು ಮರೆಮಾಡಿ ಕೊಡಲು ಅನುಮತಿ ಕೇಳಬಹುದು. ಇನ್ನು, ಮಾರಿಯಾದ ಯಂತ್ರದ ಹೊರರಚನೆ ಗುಟ್ಟೆಂದು ವಾದಿಸಬೇಡಿ. ತೀರ್ಥಹಳ್ಳಿಯ ಯಾವ ತೋಟದ ಮನೆಯಲ್ಲಾದರೂ ಸ್ಪ್ಯಾನರ್ ಹಿಡಿದರೆ ಅದು ಬಿಚ್ಚಿಕೊಳ್ಳುತ್ತದೆ. ಎಲ್ಲಕ್ಕೂ ಗೋಪ್ಯ ಎಂದರೆ ನಿಜವಾದ ಗುಟ್ಟಿನ ಮಾತನ್ನೂ ಕೋರ್ಟ್ ನಂಬದು.

ಕೊಡಲೇಬೇಕಾದದ್ದು ಉಳಿದರೆ, ಸಲ್ಲಿಸುವ ಮೊದಲೇ ರಕ್ಷಣೆಯ ಆದೇಶ ಪಡೆಯಿರಿ. ದೆಹಲಿ ಹೈಕೋರ್ಟಿನ 2018ರ ನಿಯಮಗಳಲ್ಲಿ 'ಕಾನ್ಫಿಡೆನ್ಶಿಯಾಲಿಟಿ ಕ್ಲಬ್' ಎಂಬ ಏರ್ಪಾಡಿದೆ. ದಾಖಲೆ ಮುಚ್ಚಿದ ಲಕೋಟೆಯಲ್ಲಿರುತ್ತದೆ. ಒಂದೊಂದು ಕಡೆಯಿಂದ ಗರಿಷ್ಠ ಮೂವರು ವಕೀಲರು, ಇಬ್ಬರು ಹೊರಗಿನ ತಜ್ಞರು ಮಾತ್ರ ನೋಡಬಹುದು. ಕಂಪನಿಯ ಸಂಬಳದ ವಕೀಲರಿಗೂ ಪ್ರವೇಶವಿಲ್ಲ, ಪ್ರತಿ ಮಾಡಿಕೊಳ್ಳುವಂತಿಲ್ಲ. ಅದು ದೆಹಲಿಯ ನಿಯಮ, ನಮ್ಮ ಕೋರ್ಟುಗಳನ್ನು ಕಟ್ಟಿಹಾಕದು. ಆದರೂ ಅದನ್ನೇ ಮಾದರಿಯಾಗಿ ತೋರಿಸಿ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 151ನೇ ಕಲಮಿನಡಿ, ಅಂದರೆ ಕೋರ್ಟಿನ ಅಂತರ್ಗತ ಅಧಿಕಾರದಡಿ, ಅರ್ಜಿ ಹಾಕಲು ಅಡ್ಡಿಯಿಲ್ಲ. ವಿಚಾರಣೆ ಬಹಿರಂಗವಾಗಿರಬೇಕೆಂಬುದು ಸಾಮಾನ್ಯ ನಿಯಮವಾದರೂ, ನ್ಯಾಯಕ್ಕೆ ಅಗತ್ಯವಾದರೆ ಬಾಗಿಲು ಮುಚ್ಚಿ ನಡೆಸುವ ಅಧಿಕಾರ ಕೋರ್ಟಿಗಿದೆ ಎಂದು ಸುಪ್ರೀಂ ಕೋರ್ಟ್ 1966ರ ಮಿರಾಜ್‌ಕರ್ ಪ್ರಕರಣದಲ್ಲೇ ಹೇಳಿದೆ. ಪೇಟೆಂಟ್ ಕಾಯ್ದೆಯ 104ಎ ಕಲಂ ಕೂಡ, ಅಸಮಂಜಸವೆನಿಸಿದರೆ ತಯಾರಿಕೆಯ ಗುಟ್ಟನ್ನು ಬಯಲು ಮಾಡಿಸಬಾರದು ಎನ್ನುತ್ತದೆ. ಅದು ತಯಾರಿಕಾ ವಿಧಾನದ ಪೇಟೆಂಟುಗಳಿಗೆ ಸಂಬಂಧಿಸಿದ್ದು, ನಿಮ್ಮದು ಯಂತ್ರದ ಜಗಳ. ಆದರೂ ಕಾನೂನಿನ ಒಲವು ಎತ್ತ ಎಂದು ತೋರಿಸಲು ಉಪಯೋಗಕ್ಕೆ ಬರುತ್ತದೆ.

ಒಂದು ತೊಡಕಿದೆ. ಎದುರಾಳಿಯ ದಾಖಲೆಗೂ ಇದೇ ಬೀಗ ಬಿದ್ದರೆ ನೀವೂ ಅದನ್ನು ನೋಡುವಂತಿಲ್ಲ. ಸಣ್ಣ ವರ್ಕ್‌ಶಾಪಿನಲ್ಲಿ ಯಂತ್ರದ ಒಳಹೊರಗು ತಿಳಿದವರು ಮಾಲೀಕರೊಬ್ಬರೇ. ನೀವೇ ನೋಡದೆ ವಕೀಲರಿಗೆ ವಿವರಿಸುವುದು ಹೇಗೆ? ಇಂಟರ್‌ಡಿಜಿಟಲ್ ಮತ್ತು ಶವೋಮಿ ಕಂಪನಿಗಳ ನಡುವಿನ ಪೇಟೆಂಟ್ ಮೊಕದ್ದಮೆಯಲ್ಲಿ ಪಕ್ಷಗಾರರ ಕಡೆಯವರನ್ನು ಪೂರ್ತಿ ಹೊರಗಿಡುವ ಏರ್ಪಾಡನ್ನು ದೆಹಲಿ ಹೈಕೋರ್ಟ್ 2020ರಲ್ಲಿ ಒಪ್ಪಲಿಲ್ಲ. ಅದನ್ನು ತೋರಿಸಿ ನಿಮಗೂ ನೋಡಲು ಅವಕಾಶ ಕೇಳಿ. ಸಿಗದೇ ಹೋದರೂ ಕೆಲಸ ನಿಲ್ಲದಂತೆ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಬಲ್ಲ, ಎರಡೂ ಕಡೆಗೆ ಸಂಬಂಧವಿಲ್ಲದ ತಜ್ಞರೊಬ್ಬರನ್ನು ಈಗಲೇ ಗೊತ್ತುಮಾಡಿಕೊಳ್ಳಿ.

ಸ್ಥಳ ಪರಿಶೀಲನೆಗೆ ಕೋರ್ಟ್ ನೇಮಿಸಿದ ಕಮಿಷನರ್ ವರ್ಕ್‌ಶಾಪಿಗೆ ಬಂದರೆ ತಡೆಯಬೇಡಿ. ಅವರು ತೆಗೆದ ಫೋಟೊ, ಅಳತೆಗಳು ಲಕೋಟೆಯಲ್ಲೇ ಕೋರ್ಟಿಗೆ ಹೋಗಬೇಕೆಂದು ನಿಮ್ಮ ವಕೀಲರ ಮೂಲಕ ಕೋರಿಕೊಳ್ಳಿ. ಹದ ಕೊಡುವ ಕುಲುಮೆಯ ವಿವರ ಬರೆದ ನೋಟ್‌ಬುಕ್ಕಿಗೆ ಈವತ್ತೇ ಬೀಗ ಹಾಕಿ. ಗುಟ್ಟನ್ನು ಇಷ್ಟು ದಿನ ಹೇಗೆ ಕಾಪಾಡಿದಿರಿ ಎಂದು ಕೋರ್ಟ್ ಕೇಳಿಯೇ ಕೇಳುತ್ತದೆ. ಡ್ರಾಯಿಂಗುಗಳನ್ನು ಯಾರಿಗೂ, ವಕೀಲರ ಗುಮಾಸ್ತರಿಗೂ ಕೂಡ, ವಾಟ್ಸಾಪಿನಲ್ಲಿ ಕಳಿಸಬೇಡಿ.