ಗ್ರಾನೈಟ್ ಸ್ಲ್ಯಾಬ್‌ಗಳನ್ನು ಲಾರಿಯಿಂದ ನಾವೇ ಇಳಿಸಿಕೊಳ್ಳಬಹುದಾ?

ಮನೆಗೆ ಗ್ರಾನೈಟ್ ಬರುತ್ತಿದೆ, ಮನೆ ಮುಂದಿನ ರಸ್ತೆ ಸ್ವಲ್ಪ ವಾಲಿದೆ, ನಾವು ಮೂರು ಜನ ಸೇರಿ ಇಳಿಸಿಕೊಂಡರೆ ಕೂಲಿ ಉಳಿಯುತ್ತದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಬೆಂಗಳೂರು ಹತ್ತಿರದ ಜಿಗಣಿಯ ಕಲ್ಲಿನ ಯಾರ್ಡುಗಳಲ್ಲಿ ಹದಿನಾರು ವರ್ಷ ಲೋಡಿಂಗ್, ಅನ್‌ಲೋಡಿಂಗ್ ಮಾಡಿದವನು ನಾನು. ಯಾಕೆ ಬೇಡ ಅಂತ ಬಿಡಿಸಿ ಹೇಳುತ್ತೇನೆ.

18 ಎಂಎಂ ದಪ್ಪದ ಗ್ರಾನೈಟ್ ಚದರಡಿಗೆ ಸುಮಾರು ನಾಲ್ಕೂವರೆ ಕೆಜಿ ತೂಗುತ್ತದೆ. 9 ಅಡಿ ಉದ್ದ, 3 ಅಡಿ ಅಗಲದ ಒಂದು ಸ್ಲ್ಯಾಬ್ ಅಂದ್ರೆ 120 ಕೆಜಿ. 10ಕ್ಕೆ 6ರ ದೊಡ್ಡ ಸ್ಲ್ಯಾಬ್ ಆದರೆ 270 ಕೆಜಿ. ಅದಕ್ಕೆ ಕ್ರೇನೇ ಬೇಕು, ಕೈಯಲ್ಲಿ ಇಳಿಸುವ ಮಾತೇ ಇಲ್ಲ.

ಆದರೆ ತೂಕಕ್ಕಿಂತ ಭಯ ಬೇರೆ ಇದೆ. ಲಾರಿಯಲ್ಲಿ ಸ್ಲ್ಯಾಬ್‌ಗಳನ್ನು ಮಲಗಿಸಿರುವುದಿಲ್ಲ, ಸ್ಟ್ಯಾಂಡಿಗೆ ಒರಗಿಸಿ ನಿಲ್ಲಿಸಿರುತ್ತಾರೆ. ಒಂದು ಸಲ ಹೀಗೇ ಒಂದು ಮನೆಗೆ ಹೋಗಿದ್ದೆವು. ಲಾರಿಯ ಎಡಗಡೆ ಚಕ್ರ ಚರಂಡಿ ಪಕ್ಕದ ಹಸಿ ಮಣ್ಣಿನಲ್ಲಿತ್ತು. ಒರಗಿ ನಿಂತಿದ್ದ ಕಲ್ಲುಗಳು ಅಷ್ಟಕ್ಕೇ ನೆಟ್ಟಗಾಗಿದ್ದವು. ಯಾರೂ ಗಮನಿಸಲಿಲ್ಲ. ಅವಸರದಲ್ಲಿ ಒಬ್ಬ ಹಗ್ಗ ಪೂರ್ತಿ ಬಿಚ್ಚಿಬಿಟ್ಟ. ಮುಂದಿನ ಸ್ಲ್ಯಾಬ್ ಒಂದು ಕ್ಷಣ ಹಾಗೇ ನಿಂತಿತ್ತು, ಆಮೇಲೆ ನಿಧಾನಕ್ಕೆ ಈಚೆ ವಾಲಿತು. ಸದ್ದೇ ಇಲ್ಲ. ಎದುರಿಗಿದ್ದ ಹುಡುಗ ಎರಡೂ ಕೈ ಚಾಚಿ ತಡೆಯೋಕೆ ಹೋದ. ಅದರ ಹಿಂದೆ ಇನ್ನೂ ಮೂರು ಬಂದವು. ಜೀವ ಉಳಿಯಿತು. ಕಾಲು ಇವತ್ತಿಗೂ ಸರಿಯಾಗಿಲ್ಲ.

ಹಾಗಾಗಿ ನಿಮ್ಮ ಮನೆಯವರಿಗೆಲ್ಲ ಇದೊಂದು ಮಾತು ಮೊದಲೇ ಹೇಳಿಬಿಡಿ: ಕಲ್ಲು ವಾಲಿದರೆ ಹಿಡಿಯಬೇಡಿ, ಬಿಟ್ಟು ಓಡಿ. ಬೀಳುವ ಕಡೆ ಯಾರೂ ನಿಲ್ಲಲೇಬಾರದು. ಇಳಿಸುವಾಗ ಸ್ಲ್ಯಾಬ್ ಹಿಡಿಯೋರು ಅದರ ಎರಡು ತುದಿಗಳಲ್ಲಿರಬೇಕು. ಎರಡು ಸ್ಲ್ಯಾಬ್ ಮಧ್ಯೆ ಕೈ ತೂರಿಸೋದು, ನುಸುಳೋದು ಬೇಡವೇ ಬೇಡ.

ಲಾರಿ ಬಂದ ಕೂಡಲೇ ಹಗ್ಗ ಮುಟ್ಟಬೇಡಿ. ಲಾರಿಯ ಹಲಗೆ ಮೇಲೆ ಒಂದು ನೀರಿನ ಬಾಟಲಿ ಮಲಗಿಸಿ ನೋಡಿ. ಅದು ಪಕ್ಕಕ್ಕೆ ಉರುಳಿತಾ? ಹಾಗಾದರೆ ಜಾಗ ಬದಲಾಯಿಸಿ. ನೂರಡಿ ದೂರವಾದರೂ ಸರಿ, ಸಮ ಇರುವ ಕಡೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಆಮೇಲೆ, ಈಗ ಇಳಿಸುವ ಸ್ಲ್ಯಾಬಿನ ಕಟ್ಟು ಮಾತ್ರ ಬಿಚ್ಚಬೇಕು, ಉಳಿದದ್ದು ಕಟ್ಟೇ ಇರಲಿ. ಸ್ಟ್ಯಾಂಡಿನ ಎರಡೂ ಕಡೆ ಕಲ್ಲಿದ್ದರೆ ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು ತೆಗೆಯಬೇಕು. ಒಂದೇ ಕಡೆ ಖಾಲಿ ಮಾಡಿದರೆ ಸ್ಟ್ಯಾಂಡೇ ಮಗುಚಬಹುದು.

ಕೆಲಸಕ್ಕೆ ನುರಿತವರನ್ನೇ ಕರೆಸಿ. ಕಟ್ಟಡ ಕಾರ್ಮಿಕರ 1998ರ ಕೇಂದ್ರ ನಿಯಮಗಳಲ್ಲಿ ಒಬ್ಬ ಗಂಡಾಳು ಹೊರಬಹುದಾದ ಮಿತಿ 55 ಕೆಜಿ ಅಂತ ಇಟ್ಟಿದ್ದರು. 120 ಕೆಜಿ ಸ್ಲ್ಯಾಬಿಗೆ ಲೆಕ್ಕದಲ್ಲಿ ಮೂರು ಜನ ಸಾಕು, ಆದರೆ ಒಬ್ಬರ ಕಾಲು ಜಾರಿದರೆ? ನಾಲ್ಕು ಜನ ಇರಲಿ. ಕಾಲಿಗೆ ಶೂ, ಕೈಗೆ ರಬ್ಬರ್ ಹಿಡಿತದ ಗ್ಲೌಸ್. ಸ್ಲ್ಯಾಬನ್ನು ನೆಟ್ಟಗೆ ಹಿಡಿದೇ ಒಯ್ಯಬೇಕು, ಅಡ್ಡ ಮಲಗಿಸಿದರೆ ನಡುವಿನಲ್ಲಿ ಮುರಿಯುತ್ತದೆ. 'ಎತ್ತು', 'ಇಳಿಸು' ಅನ್ನೋದು ಒಬ್ಬರ ಬಾಯಿಂದ ಮಾತ್ರ ಬರಲಿ.

ಇಳಿಸಿದ ಮೇಲೆ ಎಲ್ಲಿಡುತ್ತೀರಿ ಅನ್ನೋದನ್ನೂ ಮೊದಲೇ ನೋಡಿ. ಮೊನ್ನೆ ಕಟ್ಟಿದ ಕಾಂಪೌಂಡಿಗೆ ಒರಗಿಸಬೇಡಿ, ಹತ್ತು ಸ್ಲ್ಯಾಬ್ ಅಂದ್ರೆ ಒಂದು ಟನ್‌ಗಿಂತ ಜಾಸ್ತಿ. ಗಟ್ಟಿ ಗೋಡೆ ಬೇಕು. ಕೆಳಗೆ ಎರಡು ಮರದ ಪಟ್ಟಿ ಹಾಕಿ, ಬೆರಳು ಸಿಕ್ಕಿಕೊಳ್ಳುವುದಿಲ್ಲ. ಮಕ್ಕಳು ಆ ಕಡೆ ಆಡದ ಹಾಗೆ ಅಡ್ಡ ಏನಾದರೂ ಕಟ್ಟಿ.

ಇವತ್ತೇ ಅಂಗಡಿಗೆ ಫೋನ್ ಮಾಡಿ, ಇಳಿಸುವ ಆಳುಗಳು ಲಾರಿ ಜೊತೆಗೇ ಬರುತ್ತಾರಾ, ಎಷ್ಟು ಜನ, ಕೂಲಿ ಎಷ್ಟು ಅಂತ ಕೇಳಿಕೊಳ್ಳಿ. ರಸ್ತೆ ವಾಲಿರುವುದನ್ನೂ ಹೇಳಿ. ಆ ದಿನ ಮಳೆ ಬಂದರೆ, ಡ್ರೈವರ್ ಎಷ್ಟೇ ಅವಸರ ಮಾಡಲಿ, ನಿಲ್ಲೋವರೆಗೂ ಕಾಯಿಸಿ. ಅದಕ್ಕೆ ಸ್ವಲ್ಪ ದುಡ್ಡು ಜಾಸ್ತಿ ಕೇಳಿದರೆ ಕೊಟ್ಟುಬಿಡಿ.