ಗ್ಯಾಂಬಿಯಾ ಎಂಥ ದೇಶ? ನಕ್ಷೆಯಲ್ಲಿ ಅದು ಯಾಕೆ ಅಷ್ಟು ಸಣಕಲು?

ಗ್ಯಾಂಬಿಯಾ ಅಂದರೆ ಪಶ್ಚಿಮ ಆಫ್ರಿಕಾದ ಒಂದು ನದಿ, ಅದರ ಎರಡು ದಡ. ಅಷ್ಟೇ ದೇಶ. ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರ, ಉಳಿದ ಮೂರೂ ದಿಕ್ಕಿಗೆ ಸೆನೆಗಲ್. ನದಿಯ ವ್ಯಾಪಾರ ಬ್ರಿಟಿಷರ ಕೈಲಿತ್ತು, ಸುತ್ತಲ ನೆಲ ಫ್ರೆಂಚರದು. 1889ರಲ್ಲಿ ಇಬ್ಬರೂ ಕೂತು ಗಡಿ ಒಪ್ಪಿಕೊಂಡರು, ಅಲ್ಲಿನವರನ್ನು ಕೇಳಿದವರು ಯಾರು! ಅಗಲ ಹೆಚ್ಚೆಂದರೆ ಸುಮಾರು 50 ಕಿ.ಮೀ. ಗಡಿಯ ಎರಡೂ ಕಡೆ ಮಂಡಿಂಕಾ, ವೊಲೊಫ್, ಫುಲಾ ಜನರೇ. ಆದರೆ ಇಲ್ಲಿ ಆಡಳಿತ ಇಂಗ್ಲಿಷಿನಲ್ಲಿ, ಅಲ್ಲಿ ಫ್ರೆಂಚಿನಲ್ಲಿ. 1982ರಲ್ಲಿ ಎರಡೂ ದೇಶ ಸೇರಿ ಒಕ್ಕೂಟ ಕಟ್ಟಿದವು, 1989ಕ್ಕೆ ಅದೂ ಮುರಿಯಿತು.

ಸ್ವಾತಂತ್ರ್ಯ 1965ರಲ್ಲಿ, ರಾಜಧಾನಿ ಬಾಂಜುಲ್, ಹೊರಗೆ ಮಾರುವ ಮುಖ್ಯ ಬೆಳೆ ಶೇಂಗಾ. 1994ರಲ್ಲಿ ಸೇನಾ ದಂಗೆಯಿಂದ ಅಧಿಕಾರ ಹಿಡಿದ ಯಾಹ್ಯಾ ಜಾಮ್ಮೆ 2016ರ ಚುನಾವಣೆಯಲ್ಲಿ ಸೋತರೂ ಕುರ್ಚಿ ಬಿಡಲಿಲ್ಲ. ನೆರೆದೇಶಗಳ ಸೇನೆ ಗಡಿ ದಾಟಿದ ಮೇಲೆ, 2017ರ ಜನವರಿಯಲ್ಲಿ ದೇಶ ಬಿಟ್ಟರು.