ಎಂಜಿನ್‌ಗೆ ದುಡ್ಡು ಹಾಕೋ ಮುಂಚೆ ಬ್ರೇಕು, ಟೈರು ನೋಡಿ

ಮಂಡ್ಯದಿಂದ ಕೇಳಿದ ಸರ್‌ಗೆ: ಹಳೇ ಮಾರುತಿ ಎಸ್ಟೀಮ್ ಕಾರಿದೆ, ಕೈಲಿರೋ ದುಡ್ಡೆಲ್ಲ ಎಂಜಿನ್‌ಗೆ ಹಾಕಿ ಮುಂದಿನ ವರ್ಷ ಟೂರಿಂಗ್ ಕಾರ್ (ರಸ್ತೆ ಕಾರನ್ನೇ ರೇಸಿಗೆ ತಯಾರು ಮಾಡಿ ಓಡಿಸೋದು) ಸೀಸನ್ ಪೂರ್ತಿ ಓಡಿಸ್ತೀನಿ, ಸರಿನಾ ಅಂತ ಕೇಳಿದ್ದೀರಿ. ಖಂಡಿತ ಓಡಿಸಿ. ಆದ್ರೆ ಎಂಜಿನ್ ಬಿಚ್ಚಬೇಡಿ, ಈಗಲೇ ಬೇಡ.

ಸೀಸನ್ ಗೆಲ್ಲೋದು ಪಾಯಿಂಟ್ ಲೆಕ್ಕದಲ್ಲಿ. ಬ್ರಿಟನ್ನಿನ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ ಬಿಟಿಸಿಸಿಯನ್ನೇ ನೋಡಿ, 1958ರಿಂದ ನಡೀತಿದೆ. 2024ರಲ್ಲಿ 10 ವಾರಾಂತ್ಯ, ಒಂದೊಂದಕ್ಕೆ 3 ರೇಸು, ಒಟ್ಟು 30. ಗೆದ್ದರೆ 20 ಪಾಯಿಂಟ್, ಎರಡನೇ ಜಾಗಕ್ಕೆ 17, ಮೂರನೇದಕ್ಕೆ 15. ಒಂದು ರೇಸ್ ಗೆದ್ದು ಎರಡರಲ್ಲಿ ಕಾರು ಕೆಟ್ಟು ನಿಂತವನಿಗಿಂತ, ಮೂರಕ್ಕೆ ಮೂರರಲ್ಲೂ ಮೂರನೇ ಜಾಗಕ್ಕೆ ಬಂದವನು ಎಷ್ಟೋ ಮುಂದೆ ಇರ್ತಾನೆ. ಸಾಲದ್ದಕ್ಕೆ 2021ರ ತನಕ ಅಲ್ಲಿ ಚೆನ್ನಾಗಿ ಓಡಿದ ಕಾರಿಗೆ ಮುಂದಿನ ರೇಸಲ್ಲಿ ತೂಕ ಹೇರ್ತಿದ್ರು. 1992ರಲ್ಲಂತೂ ಸಿಲ್ವರ್‌ಸ್ಟೋನ್ ಟ್ರ್ಯಾಕಲ್ಲಿ ಸೀಸನ್ನಿನ ಕೊನೇ ರೇಸಲ್ಲಿ ಸ್ಟೀವ್ ಸೋಪರ್, ಜಾನ್ ಕ್ಲೆಲ್ಯಾಂಡ್ ಅನ್ನೋ ಡ್ರೈವರ್‌ಗಳು ಗುದ್ದಿಕೊಂಡು ಹೊರಬಿದ್ರು, ಓಡ್ತಾ ಉಳಿದ ಟಿಮ್ ಹಾರ್ವೆ ಚಾಂಪಿಯನ್ ಆದ. ಕಾರು ಕೊನೇ ಲ್ಯಾಪ್ ತನಕ ಓಡ್ತಾ ಇರಬೇಕು, ಅಷ್ಟೇ ನನ್ನ ಮಾತು.

ಅದಕ್ಕೇ ಮೊದಲು ಬ್ರೇಕು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕಮ್ಮಿ ಅಂದ್ರೂ 230 ಡಿಗ್ರಿ ತನಕ ಕುದಿಯಲ್ಲ. ಗಾಳಿಯ ತೇವ ಹೀರಿಕೊಂಡ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತೆ. ಊರೊಳಗೆ ಓಡಾಡುವಾಗ ಗೊತ್ತೇ ಆಗಲ್ಲ. ಟ್ರ್ಯಾಕಲ್ಲಿ ನಾಲ್ಕೈದು ಲ್ಯಾಪ್ ಒತ್ತಿ ಓಡಿಸಿ, ಆಯಿಲ್ ಕುದ್ದು ಪೈಪಲ್ಲಿ ಗುಳ್ಳೆ ಎದ್ದು ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತೆ. ಅರ್ಧ ಉಳಿದು ಮುಚ್ಚಿಟ್ಟ ಡಬ್ಬಿ ಬಳಸಲೇಬೇಡಿ. ಪ್ರತಿ ರೇಸಿಗೂ ಮುಂಚೆ ಹೊಸ ಆಯಿಲ್ ಹಾಕಿ, ನಾಲ್ಕೂ ಚಕ್ರದ ಬ್ರೇಕ್ ಪೈಪಲ್ಲಿ ಸೇರಿದ ಗಾಳಿ ತೆಗೆಸಿ. ಬ್ರೇಕ್ ಪ್ಯಾಡು ರೇಸಿಗೆ ಅಂತ ಬರೋದೇ ಬೇಕು, ಒಂದು ಸೆಟ್ ಹೆಚ್ಚಿಗೆ ಇಟ್ಕೊಳ್ಳಿ.

ಆಮೇಲೆ ಟೈರು. ಎಸ್ಟೀಮಿನಂಥ ಮುಂದಿನ ಚಕ್ರ ಎಳೆಯೋ ಕಾರಲ್ಲಿ ತಿರುಗೋದು, ಎಳೆಯೋದು, ಬ್ರೇಕಿನ ಬಹುಪಾಲು ಭಾರ ಎಲ್ಲ ಮುಂದಿನ ಎರಡರ ಮೇಲೇ. ಕಾರು ಪಿಟ್‌ಗೆ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸಿ ನೋಡೋ ಜಾಗ) ಬಂದ ತಕ್ಷಣ ಸೂಜಿ ಥರ್ಮಾಮೀಟರಲ್ಲಿ ಟೈರಿನ ಒಳಅಂಚು, ಮಧ್ಯ, ಹೊರಅಂಚು ಮೂರೂ ಕಡೆ ಚುಚ್ಚಿ ಬಿಸಿ ಎಷ್ಟಿದೆ ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದುಕೊಳ್ಳಿ. ಮಧ್ಯ ಜಾಸ್ತಿ ಬಿಸಿ ಇದ್ರೆ ಗಾಳಿ ಹೆಚ್ಚಾಗಿದೆ. ಹೊರಅಂಚು ಬಿಸಿ ಇದ್ರೆ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರೋದು) ಸಾಲದು. ಈ ನೋಟ್‌ಬುಕ್ ನಿಮಗೆ ಕೊಡೋ ಸೆಕೆಂಡುಗಳನ್ನ ಯಾವ ಮೆಕ್ಯಾನಿಕ್ಕೂ ಎಂಜಿನ್ ಬಿಚ್ಚಿ ಕೊಡಲ್ಲ. ಯಾವ ಟೈರು ಅನ್ನೋದು ಮಾತ್ರ ರೇಸಿನ ನಿಯಮದ ಪುಸ್ತಕ ನೋಡಿಯೇ ಕೊಳ್ಳಿ. (ಮೈಸೂರಲ್ಲಿ ವಿಕ್ರಾಂತ್ ಟೈರ್ ಫ್ಯಾಕ್ಟರಿ ಇಟ್ಕೊಂಡು ನಮ್ಮೂರ ಹುಡುಗ್ರು ಟೈರಿನ ಬಗ್ಗೆ ಇಷ್ಟು ಅಸಡ್ಡೆ ಮಾಡೋದು ನನಗೆ ನಿಜವಾಗ್ಲೂ ಬೇಜಾರು.)

ರೇಸ್ ಲೈಸೆನ್ಸ್ ದೇಶದ ಮೋಟರ್ ರೇಸಿಂಗ್ ನೋಡಿಕೊಳ್ಳೋ ಎಫ್‌ಎಂಎಸ್‌ಸಿಐ ಸಂಸ್ಥೆಯಿಂದ ಮಾಡಿಸಬೇಕು, ಮೆಡಿಕಲ್ ಬೇಕಾಗುತ್ತೆ. ರೋಲ್ ಕೇಜ್ (ಕಾರು ಪಲ್ಟಿಯಾದ್ರೆ ಒಳಗಿರೋರನ್ನ ಕಾಯೋ ಕಬ್ಬಿಣದ ಪಂಜರ), ಬಕೆಟ್ ಸೀಟು, ಹಾರ್ನೆಸ್ (ರೇಸಿನ ಸೀಟ್ ಬೆಲ್ಟು), ಬೆಂಕಿ ಆರಿಸೋ ಸಿಲಿಂಡರ್, ಕರೆಂಟ್ ಕಡಿಯೋ ಕಟ್‌ಆಫ್ ಸ್ವಿಚ್ಚು, ಬೆಂಕಿ ತಡೆಯೋ ಸೂಟು, ಹೆಲ್ಮೆಟ್: ಇದರಲ್ಲಿ ಒಂದು ರೂಪಾಯಿನೂ ಉಳಿಸಬೇಡಿ. ಹೆಲ್ಮೆಟ್ ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ.

ಸಾಗಿಸೋ ಖರ್ಚನ್ನ ಎಲ್ಲರೂ ಮರೀತಾರೆ. ನಮ್ಮ ಕಡೆ ರೇಸ್ ಟ್ರ್ಯಾಕ್ ಇಲ್ಲ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೋ ಹೋಗಬೇಕು. ಕೊಯಮತ್ತೂರಿಗೆ ಚಾಮರಾಜನಗರದ ಮೇಲೆ ಹೋದ್ರೆ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು, ರಾತ್ರಿ ಸಂಚಾರಕ್ಕೆ ನಿರ್ಬಂಧ ಬೇರೆ. ಕಾರು ಹೇರಿದ ಗಾಡಿ ಬೆಳಕಿರುವಾಗಲೇ ಘಾಟಿ ಇಳಿಯೋ ಹಾಗೆ ಹೊರಡಿ. ಬಾಡಿಗೆ, ಡೀಸೆಲ್, ಮೆಕ್ಯಾನಿಕ್ ಊಟ ರೂಮು ಎಲ್ಲ ಇಡೀ ಸೀಸನ್‌ಗೆ ಮೊದಲೇ ಎತ್ತಿಡಿ. ಉಳಿದ ದುಡ್ಡಲ್ಲಿ ಎಂಜಿನ್ ಮುಟ್ಟಿ.

ಯಾವ ಕ್ಲಾಸಲ್ಲಿ ಇಳಿಯೋದು ಅಂತ ಹೇಳಿ. ಕೇಜ್ ವೆಲ್ಡಿಂಗ್‌ಗೆ ಕೊಡೋ ಮುಂಚೆ ಇಲ್ಲೇ ಫೋಟೊ ಹಾಕಿ ಸರ್, ನೋಡಿ ಹೇಳ್ತೀನಿ.